ಪಟ್ಟಣದ ಕೋವಿ: ಅಚ್ಚು ಫ್ರೆಂಚರದು, ಮೆರುಗು ಯಾರದು?



ಸೌತ್‌ಹಾಲ್ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಜಿಲೇಬಿ, ಸೀರೆ ಅಂಗಡಿ, ಪಂಜಾಬಿ ಹಾಡು, ಗುರುಮುಖಿಯಲ್ಲಿ ಹೆಸರು ಬರೆದಿರುವ ರೈಲು ನಿಲ್ದಾಣ. ಕರ್ನಾಟಕದ ಇತಿಹಾಸಕ್ಕೂ ಈ ಊರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ತಕ್ಷಣಕ್ಕೆ ಉತ್ತರ ಹೊಳೆಯುವುದಿಲ್ಲ. ಆದರೆ ಆ ನಿಲ್ದಾಣದಲ್ಲಿ ನಿಂತು ಹಳಿಯ ಎರಡೂ ದಿಕ್ಕಿಗೆ ಒಮ್ಮೆ ನೋಡಿ. 1839ರಲ್ಲಿ ತೆರೆದ ನಿಲ್ದಾಣ ಇದು. ಪಶ್ಚಿಮಕ್ಕೆ ಹೋದರೆ ಸ್ಲೋ. ಅಲ್ಲಿ ಗಾಡಿ ಬದಲಿಸಿದರೆ ವಿಂಡ್ಸರ್. ಅಲ್ಲಿನ ಅರಮನೆಯಲ್ಲಿ ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿಮುಖ ಇದೆ. ಈಸ್ಟ್ ಇಂಡಿಯಾ ಕಂಪನಿಯವರು 1831ರಲ್ಲಿ ನಾಲ್ಕನೆಯ ವಿಲಿಯಂ ದೊರೆಗೆ ಒಪ್ಪಿಸಿದ್ದು. ಪೂರ್ವಕ್ಕೆ ಹೋದರೆ ಬಾಂಡ್ ಸ್ಟ್ರೀಟ್. ಶ್ರೀರಂಗಪಟ್ಟಣದ ಕತ್ತಿ ಕೋವಿಗಳು ಹರಾಜಾದ ಬೀದಿ ಅದರ ಪಕ್ಕದಲ್ಲೇ. ಅದೇ ಗಾಡಿಯಲ್ಲಿ ಕುಳಿತೇ ಇದ್ದರೆ ವೂಲಿಚ್ ಬರುತ್ತದೆ. ಮೈಸೂರಿನ ರಾಕೆಟ್ಟುಗಳನ್ನು ಬಿಚ್ಚಿ ನೋಡಿದ ಮದ್ದುಗುಂಡಿನ ಕಾರ್ಖಾನೆ ಇದ್ದದ್ದು ಅಲ್ಲಿ. ಹೀಗೆ ನಮ್ಮ ಊರಿನ ಒಂದು ಅಧ್ಯಾಯ ಈ ರೈಲು ಹಳಿಯ ಉದ್ದಕ್ಕೂ ಚದುರಿಕೊಂಡು ಬಿದ್ದಿದೆ!

ಆ ಅಧ್ಯಾಯದಲ್ಲಿ ಈ ಸಲ ನಾವು ಆರಿಸಿಕೊಂಡಿರುವುದು ಒಂದು ಸಣ್ಣ ವಸ್ತು: ಚಕಮಕಿ ಕಲ್ಲಿನ ಶಿಕಾರಿ ಕೋವಿ. ಟಿಪ್ಪುವಿನ ಕತ್ತಿಯ ಬಗ್ಗೆ ಧಾರಾವಾಹಿಯೇ ಬಂದಿದೆ. ಅವನ ಆಟಿಕೆ ಹುಲಿಯ ಬಗ್ಗೆ ಮಕ್ಕಳಿಗೂ ಗೊತ್ತು. ಬೇಟೆಗೆಂದು ಅರಮನೆಯ ಕಾರ್ಖಾನೆಯಲ್ಲಿ ತಯಾರಾದ ಕೋವಿಗಳ ಬಗ್ಗೆ ಮಾತ್ರ ಕನ್ನಡದಲ್ಲಿ ಮಾತು ಕಡಿಮೆ. ಮಾತು ಬಂದಾಗಲೂ ‘ಅದೆಲ್ಲ ಫ್ರೆಂಚರು ಮಾಡಿಕೊಟ್ಟದ್ದು’ ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಈ ವಾಕ್ಯ ಎಷ್ಟು ನಿಜ? ಅದನ್ನು ನೋಡುವುದೇ ಈ ಬರಹದ ಉದ್ದೇಶ.

ಮೊದಲು ಫ್ರೆಂಚರ ಪಾಲು

ಕೊಡಬೇಕಾದವರಿಗೆ ಮೊದಲು ಕೊಟ್ಟುಬಿಡೋಣ. ಚಕಮಕಿ ಕೋವಿಯ ಯಂತ್ರ ನಿಜಕ್ಕೂ ಫ್ರೆಂಚರದೇ. ಹದಿನೇಳನೆಯ ಶತಮಾನದ ಆರಂಭದಲ್ಲಿ, ನಾರ್ಮಂಡಿಯ ಲೀಸ್ಯೂ ಎಂಬ ಊರಿನ ಮರೆನ್ ಲ ಬುರ್ಜ್ವಾ ಎಂಬ ಕುಶಲಕರ್ಮಿ ಇದನ್ನು ರೂಪಿಸಿದನೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಅದಕ್ಕೂ ಮೊದಲು ಇದ್ದದ್ದು ಜಾಮಗಿ ಕೋವಿ. ಸದಾ ಹೊಗೆಯಾಡುವ ಬತ್ತಿಯೊಂದನ್ನು ಹಿಡಿದುಕೊಂಡೇ ಓಡಾಡಬೇಕು. ಮಳೆ ಬಂದರೆ ಬತ್ತಿ ಆರಿತು. ಕತ್ತಲಲ್ಲಿ ಅದರ ಕೆಂಡ ಕಂಡರೆ ಶತ್ರುವಿಗೆ ಗೊತ್ತಾಯಿತು. ಕಾಡಿನಲ್ಲಿ ವಾಸನೆ ಹಿಡಿದ ಜಿಂಕೆ ಓಡಿತು!

ಚಕಮಕಿ ಕೋವಿಯಲ್ಲಿ ಬತ್ತಿಯ ಜಾಗಕ್ಕೆ ಕಲ್ಲು ಬಂತು. ನಮ್ಮ ಮಲೆನಾಡಿನವರು ‘ಕುದುರೆ’ ಎನ್ನುವ ಭಾಗದ ಬಾಯಲ್ಲಿ ಚಕಮಕಿ ಕಲ್ಲಿನ ಚೂರು ಕಚ್ಚಿಸಿರುತ್ತಾರೆ. ಬೆರಳಿನಿಂದ ಎಳೆದಾಗ ಸ್ಪ್ರಿಂಗಿನ ಬಲಕ್ಕೆ ಕುದುರೆ ಮುಂದಕ್ಕೆ ಹಾರಿ ಉಕ್ಕಿನ ಮುಚ್ಚಳಕ್ಕೆ ಬಡಿಯುತ್ತದೆ. ಮುಚ್ಚಳ ಹಿಂದಕ್ಕೆ ಬೀಳುತ್ತದೆ, ಕಿಡಿ ಕೆಳಗಿನ ರಂಜಕದ ಬಟ್ಟಲಿಗೆ ಸುರಿಯುತ್ತದೆ, ರಂಜಕದ ಬೆಂಕಿ ಸಣ್ಣ ತೂತಿನಿಂದ ನಳಿಗೆಯೊಳಗಿನ ಮದ್ದಿಗೆ ತಾಗುತ್ತದೆ. ಇದರಲ್ಲಿ ಜಾಣತನ ಇರುವುದು ಆ ಮುಚ್ಚಳದಲ್ಲಿ. ರಂಜಕಕ್ಕೆ ಮಳೆ ಗಾಳಿ ತಾಗದಂತೆ ಮುಚ್ಚುವ ಕೆಲಸ, ಕಲ್ಲಿನ ಏಟಿಗೆ ಕಿಡಿ ಕೊಡುವ ಕೆಲಸ, ಎರಡನ್ನೂ ಒಂದೇ ತುಂಡು ಮಾಡುತ್ತದೆ. ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಇಂಥದ್ದನ್ನು ಕಂಡರೆ ಖುಷಿ: ಬಿಡಿಭಾಗ ಕಡಿಮೆಯಾದಷ್ಟೂ ಕೆಡುವ ಸಂದರ್ಭ ಕಡಿಮೆ.

ಫ್ರೆಂಚರು ಈ ಯಂತ್ರವನ್ನು ತಮ್ಮ ವಸಾಹತುಗಳಿಗೂ ಕಳಿಸಿದರು. ಅದರಲ್ಲಿ ಹೆಸರಾದದ್ದು ಮಧ್ಯ ಫ್ರಾನ್ಸಿನ ತ್ಯೂಲ್ ಎಂಬ ಊರಿನ ಕಾರ್ಖಾನೆಯ ‘ಫ್ಯೂಸಿ ದ ಶಾಸ್’. ಹೆಸರಿನ ಅರ್ಥವೇ ಶಿಕಾರಿ ಕೋವಿ. ಹದಿನೇಳನೆಯ ಶತಮಾನದ ಕೊನೆಯಿಂದ ಈ ಕಾರ್ಖಾನೆ ಫ್ರೆಂಚ್ ನೌಕಾ ಇಲಾಖೆಯ ಗುತ್ತಿಗೆ ಹಿಡಿದು ಕೆನಡಾಕ್ಕೆ ಕೋವಿ ಒದಗಿಸುತ್ತಿತ್ತು. ಮೂರೂವರೆ ಅಡಿಗೂ ಉದ್ದದ ನಳಿಗೆ. ಬುಡದಲ್ಲಿ ಎಂಟು ಮುಖ, ಮುಂದಕ್ಕೆ ಹೋದಂತೆ ದುಂಡಗೆ. ಅಕ್ರೋಟು ಮರದ ಹಿಂಬದಿ ಹಸುವಿನ ಗೊರಸಿನಂತೆ ಕೆಳಕ್ಕೆ ಬಾಗಿರುತ್ತಿತ್ತು. ಅದಕ್ಕೇ ಫ್ರೆಂಚರು ಆ ಆಕಾರವನ್ನು ‘ಹಸುವಿನ ಕಾಲು’ ಎಂದು ಕರೆದರು. ಕಟ್ಟು, ಬಳೆ, ತಗಡು ಎಲ್ಲ ಕಬ್ಬಿಣದ್ದೇ. ಚಿತ್ತಾರ ಕಡಿಮೆ, ತೂಕ ಕಡಿಮೆ, ರಿಪೇರಿ ಸುಲಭ. ಕಾಡಿನಲ್ಲಿ ತಿಂಗಳುಗಟ್ಟಲೆ ಅಲೆಯುವವನಿಗೆ ಬೇಕಾದ್ದು ಇಷ್ಟೇ.

ಅದೇ ಫ್ರಾನ್ಸಿನಲ್ಲಿ ದೊರೆಗಳ ಬೇಟೆಗೆ ಬೇರೆಯೇ ಕೋವಿ. ನೀಲಿ ಬಣ್ಣ ಬರುವಂತೆ ಹದವಾಗಿ ಕಾಯಿಸಿದ ನಳಿಗೆ, ಅದರ ಮೇಲೆ ಚಿನ್ನದ ಬಳ್ಳಿ, ಕೆತ್ತನೆಯ ಮರ. ಅಂದರೆ ಯಂತ್ರ ಒಂದೇ. ಮೆರುಗು ನೋಡಿದರೆ ಕೋವಿ ಯಾರ ಕೈಗೆಂದು ತಯಾರಾಯಿತು ಎನ್ನುವುದು ತಿಳಿಯುತ್ತದೆ. ಈ ಮಾತನ್ನು ನೆನಪಿಟ್ಟುಕೊಂಡು ಶ್ರೀರಂಗಪಟ್ಟಣಕ್ಕೆ ಹೋಗೋಣ.

ಪಟ್ಟಣಕ್ಕೆ ಬಂದ ಫ್ರೆಂಚರು

ಹೈದರಾಲಿಯ ಕಾಲದಿಂದಲೇ ಮೈಸೂರಿನ ಸೈನ್ಯದಲ್ಲಿ ಫ್ರೆಂಚರಿದ್ದರು. ಕೆಲವರು ಸಿಪಾಯಿಗಳು, ಕೆಲವರು ಫಿರಂಗಿ ನಡೆಸುವವರು, ಕೆಲವರು ಕೈಕೆಲಸದವರು. ಟಿಪ್ಪು ಇದನ್ನು ಇನ್ನೂ ಮುಂದಕ್ಕೆ ಒಯ್ದ. 1787ರಲ್ಲಿ ಪಾಂಡಿಚೇರಿಯಿಂದ ಅವನ ಮೂವರು ರಾಯಭಾರಿಗಳು, ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮಹಮ್ಮದ್ ಉಸ್ಮಾನ್ ಖಾನ್, ಹಡಗು ಹತ್ತಿದರು. 1788ರ ಜೂನ್‌ನಲ್ಲಿ ತುಲೋನ್ ಬಂದರಿಗೆ ಇಳಿದರು. ಅದೇ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯ ದರ್ಬಾರು. ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಕೇಳಿದರು. ಲೂಯಿ ನಯವಾಗಿ ಜಾರಿಕೊಂಡ. ಪಾಪ, ಅವನ ಖಜಾನೆಯೇ ಬರಿದಾಗಿತ್ತು. ಮರುವರ್ಷ ಕ್ರಾಂತಿ ಶುರುವಾಯಿತು. ಆದರೆ ಟಿಪ್ಪುವಿನ ಇನ್ನೊಂದು ಕೋರಿಕೆಯೂ ಇತ್ತು: ಕುಶಲಕರ್ಮಿಗಳನ್ನು ಕಳಿಸಿಕೊಡಿ ಎಂದು. ಅದು ಮಾತ್ರ ಒಂದಷ್ಟು ಈಡೇರಿತು. 1789ರಲ್ಲಿ ರಾಯಭಾರಿಗಳು ಮರಳಿದಾಗ ಸೆವ್ರ್ ಪಿಂಗಾಣಿಯ ಉಡುಗೊರೆಗಳ ಜೊತೆಗೆ ಕೈಕೆಲಸದವರೂ ಬಂದರು.

ಇದನ್ನು ಓದಿದರೆ ‘ಫ್ರೆಂಚರೇ ಮಾಡಿಕೊಟ್ಟದ್ದು’ ಎನ್ನುವವರ ಮಾತಿಗೆ ಬಲ ಬಂದಂತೆ ಕಾಣುತ್ತದೆ, ಅಲ್ಲವೇ? ಸ್ವಲ್ಪ ತಾಳಿ. ಕುಶಲಕರ್ಮಿಗಳನ್ನು ಕರೆಸಿಕೊಳ್ಳುವುದಕ್ಕೆ ಮೊದಲೇ ಇಲ್ಲಿ ಕಾರ್ಖಾನೆ, ಕಮ್ಮಾರಸಾಲೆ, ಕೈ ಪಳಗಿದ ಜನ ಇರಬೇಕಲ್ಲ! ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರು ನಗರ, ಈ ನಾಲ್ಕು ಕಡೆ ಟಿಪ್ಪುವಿನ ‘ತಾರಾಮಂಡಲ ಪೇಟೆ’ಗಳಿದ್ದವು. ಬೆಂಗಳೂರಿನ ಮಾರುಕಟ್ಟೆಯ ಹತ್ತಿರ ಆ ಹೆಸರಿನ ರಸ್ತೆ ಇವತ್ತಿಗೂ ಇದೆ. ನಗರದಲ್ಲಿ 2018ರ ಜುಲೈನಲ್ಲಿ ಒಂದು ಪಾಳುಬಾವಿ ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕಿದ್ದು ನಿಮಗೆ ನೆನಪಿರಬಹುದು. ಬೆರಳೆಣಿಕೆಯ ವಿದೇಶಿ ಉಸ್ತಾದರಿಂದ ಆಗುವ ಕೆಲಸವಲ್ಲ ಅದು.

ಉಕ್ಕಿನ ಮಾತಿಗೆ ಬಂದರೆ, ಫ್ರಾನ್ಸಿಸ್ ಬುಕಾನನ್ ಸಾಕ್ಷಿ ಹೇಳುತ್ತಾನೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದವನು ಇವನು. ತುಮಕೂರು ಕಡೆಯ ಚನ್ನರಾಯನದುರ್ಗದಲ್ಲೂ ಮಾಗಡಿ ಕಡೆಯಲ್ಲೂ ಉಕ್ಕು ಮಾಡುವುದನ್ನು ಕಂಡು ವಿವರವಾಗಿ ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಟ್ಟಿಗೆ ಚೂರು, ಒಂದಷ್ಟು ಸೊಪ್ಪು ಹಾಕಿ ಬಾಯಿ ಮುಚ್ಚಿ, ತಿದಿ ಊದಿ ಕಾಯಿಸುವುದು. ಚನ್ನಪಟ್ಟಣದಲ್ಲಿ ತಂತಿವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರೆಂದೂ, ಅದಕ್ಕೆ ದೂರದೂರದಲ್ಲಿ ಬೇಡಿಕೆ ಇತ್ತೆಂದೂ ಅವನೇ ಹೇಳುತ್ತಾನೆ. ಇವತ್ತು ಚನ್ನಪಟ್ಟಣ ಎಂದರೆ ಮರದ ಗೊಂಬೆ ಮಾತ್ರ ನೆನಪಾಗುವ ನಮಗೆ ಇದು ಹೊಸ ಸುದ್ದಿ!

ಕೋವಿಯಲ್ಲಿ ಎಲ್ಲವೂ ಒಂದೇ ಲೋಹವಲ್ಲ ಎನ್ನುವುದನ್ನು ಇಲ್ಲಿ ಹೇಳಬೇಕು. ನಳಿಗೆಗೆ ಮದ್ದಿನ ಹೊಡೆತ ತಾಳುವ, ಬಿರುಕು ಬಿಡದ ಮೆದು ಕಬ್ಬಿಣ ಬೇಕು. ಕಿಡಿ ಕೊಡುವ ಮುಚ್ಚಳದ ಮೈ ಗಟ್ಟಿ ಉಕ್ಕಾಗಿರಬೇಕು. ಸ್ಪ್ರಿಂಗು ಬಗ್ಗಿ ಮತ್ತೆ ಚಿಮ್ಮಬೇಕು. ಒಂದೊಂದಕ್ಕೂ ಬೇರೆ ಹದ, ಬೇರೆ ಕಾವು.  ಕಾದ ಲೋಹದ ಬಣ್ಣ ನೋಡಿ ಹದ ಹೇಳುವ ಕಣ್ಣು ಬೇಕಿತ್ತು. ಆ ಕಣ್ಣು ತಲೆಮಾರುಗಳಿಂದ ಬರುವಂಥದ್ದು, ಹಡಗಿನಲ್ಲಿ ಬರುವಂಥದ್ದಲ್ಲ.

ಹುಲಿಪಟ್ಟೆ, ಹುಲಿಮುಖ ಮತ್ತು ತಾರೀಖು

ಈಗ ಮೆರುಗಿನ ವಿಷಯ. ಪಟ್ಟಣದ ಅರಮನೆ ಕೋವಿಯನ್ನು ದೂರದಿಂದ ನೋಡಿದರೆ ಯೂರೋಪಿನ ಕೋವಿಯೇ ಅನಿಸುತ್ತದೆ. ಅದೇ ಯಂತ್ರ, ಅದೇ ಉದ್ದ, ಅದೇ ಬಾಗು. ಫ್ರೆಂಚ್ ಮಾದರಿಯ ಜೊತೆ ಇಂಗ್ಲಿಷ್ ಮಾದರಿಯನ್ನೂ ಇಲ್ಲಿನವರು ಅಭ್ಯಾಸ ಮಾಡಿದ್ದರು. ಹತ್ತಿರ ಹೋದರೆ ಬೇರೆಯೇ ಲೋಕ ತೆರೆದುಕೊಳ್ಳುತ್ತದೆ.

ಮೊದಲು ಕಣ್ಣಿಗೆ ಬೀಳುವುದು ‘ಬಬ್ರಿ’, ಅಂದರೆ ಹುಲಿಪಟ್ಟೆ. ಪಾರಸಿಯಲ್ಲಿ ಬಬ್ರ್ ಎಂದರೆ ಹುಲಿ. ನಡುವೆ ಉಬ್ಬಿ ತುದಿಗಳಲ್ಲಿ ಬಾಗಿ ಚೂಪಾಗುವ ಸಣ್ಣ ಪಟ್ಟೆ. ಟಿಪ್ಪುವಿನ ಸಿಪಾಯಿಗಳ ಅಂಗಿಯ ಮೇಲೆ, ಕತ್ತಿಯ ಮೇಲೆ, ಕೋವಿಯ ನಳಿಗೆಯ ಮೇಲೆ, ಕೊನೆಗೆ ಶ್ರೀರಂಗಪಟ್ಟಣದ ಗುಂಬಜ಼್‌ನ ಒಳಗೋಡೆಯ ಮೇಲೂ ಇದೇ ಪಟ್ಟೆ. ಗುಂಬಜ಼್ ನೋಡಿದವರು ಒಮ್ಮೆ ನೆನಪು ಮಾಡಿಕೊಳ್ಳಿ.

ಎರಡನೆಯದು ಅಕ್ಷರದ ಹುಲಿ. ‘ದೇವರ ಸಿಂಹವೇ ವಿಜಯಿ’ ಎಂಬ ಅರ್ಥದ ಅರಬ್ಬಿ ವಾಕ್ಯವನ್ನು ಎಡಬಲ ಕನ್ನಡಿಯಲ್ಲಿ ಕಂಡಂತೆ ಬರೆದು, ಅದು ಹುಲಿಯ ಮುಖವಾಗುವಂತೆ ಜೋಡಿಸಿರುತ್ತಾರೆ. ಗೊತ್ತಿಲ್ಲದವರಿಗೆ ಹುಲಿ, ಓದಬಲ್ಲವರಿಗೆ ಮಂತ್ರ. ಜೊತೆಗೆ ‘ಹೈದರ್’ ಎಂಬ ಮುದ್ರೆ. ಅದು ತಂದೆಯ ಹೆಸರೂ ಹೌದು, ಸಿಂಹ ಎಂಬ ಅರ್ಥವೂ ಹೌದು.

ಮೂರನೆಯದು ತಾರೀಖು. ಇದು ನಮ್ಮ ವೃತ್ತಿಯವರಿಗೆ ಬಹಳ ಇಷ್ಟವಾಗುವ ಸಂಗತಿ. ಟಿಪ್ಪು 1787ರಲ್ಲಿ ಹಿಜರಿ ಶಕೆಯನ್ನು ಬಿಟ್ಟು ‘ಮೌಲೂದಿ’ ಎಂಬ ಹೊಸ ಶಕೆಯನ್ನು ಜಾರಿಗೆ ತಂದ. ಮೊದಲ ವರ್ಷಕ್ಕೆ ಸಂಖ್ಯೆ 1215. ನಾಣ್ಯಗಳ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ನಮ್ಮ ಅಭ್ಯಾಸದಂತೆ ಓದಿದರೆ 5121 ಎಂದು ಕಾಣುತ್ತದೆ. ಕಂಪ್ಯೂಟರಿನವರು ಜಗಳವಾಡುವ ‘ಯಾವ ಬೈಟ್ ಮೊದಲು’ ಎಂಬ ಪ್ರಶ್ನೆ ಪಟ್ಟಣದ ಟಂಕಸಾಲೆಯಲ್ಲೇ ಇತ್ತು ನೋಡಿ! ಇನ್ನೂ ಸ್ವಾರಸ್ಯವೆಂದರೆ ಈ ಶಕೆಯ ಒಳಗಿನ ಲೆಕ್ಕ. ಅದು ನಮ್ಮ ಚಾಂದ್ರಮಾನ ಪಂಚಾಂಗದ್ದೇ. ಅಧಿಕ ಮಾಸವೂ ಉಂಟು, ಅರವತ್ತು ಸಂವತ್ಸರದ ಚಕ್ರವೂ ಉಂಟು. ಹೆಸರುಗಳು ಮಾತ್ರ ಬೇರೆ. ಮೌಲೂದಿ 1215 ಎಂದರೆ ನಮ್ಮ ಪ್ಲವಂಗ ಸಂವತ್ಸರ. ಅಂದರೆ ಕೋವಿಯ ಯಂತ್ರ ಫ್ರಾನ್ಸಿನದು, ಅದರ ಮೇಲಿನ ಅಕ್ಷರ ಅರಬ್ಬಿ ಪಾರಸಿಯದು, ತಾರೀಖಿನ ಲೆಕ್ಕ ಮನೆಯ ಗೋಡೆಗೆ ನೇತುಹಾಕಿದ ಪಂಚಾಂಗದ್ದು. ಇದರಲ್ಲಿ ಯಾವುದು ಸ್ವದೇಶಿ, ಯಾವುದು ವಿದೇಶಿ ಎಂದು ಬಿಡಿಸುತ್ತೀರಿ?

ನಾಲ್ಕನೆಯದು ಬೆಳ್ಳಿ ಚಿನ್ನದ ಕೆಲಸ. ತ್ಯೂಲ್‌ನ ಕಬ್ಬಿಣದ ಕಟ್ಟಿನ ಜಾಗದಲ್ಲಿ ಇಲ್ಲಿ ಬೆಳ್ಳಿಯ ಕಟ್ಟು. ಉಕ್ಕಿನ ಮೇಲೆ ಚಿನ್ನ ಕೂರಿಸಲು ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದ ವಿಧಾನ ಕೋಫ್ತ್‌ಗರಿ. ಮೈಮೇಲೆ ಸೂಕ್ಷ್ಮವಾಗಿ ಅಡ್ಡ ಉದ್ದ ಗೀರು ಎಳೆದು ಒರಟು ಮಾಡಿ, ಅದರ ಮೇಲೆ ಚಿನ್ನದ ಎಳೆಯನ್ನು ಇಟ್ಟು ಸುತ್ತಿಗೆಯಿಂದ ಮೆಲ್ಲನೆ ಬಡಿದು ಕೂರಿಸುವುದು. ಈ ವಿದ್ಯೆಗೆ ಹೆಸರಾದ ಊರುಗಳು ಸಿಯಾಲಕೋಟ್ ಮತ್ತು ಪಂಜಾಬಿನ ಗುಜರಾತ್. ನಮ್ಮ ಸೌತ್‌ಹಾಲ್‌ನ ನೆರೆಹೊರೆಯವರಲ್ಲಿ ಆ ಸೀಮೆಯ ಬೇರುಗಳಿರುವ ಮನೆತನಗಳೂ ಇವೆ. ನಮ್ಮ ಬೀದರಿನ ಬಿದ್ರಿ ಕೆಲಸ ಇದರ ದೂರದ ನೆಂಟ. ಅಲ್ಲಿ ಸತುವಿನ ಎರಕದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಮೈ ಕಪ್ಪಾಗಿಸುತ್ತಾರೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ.

ನಳಿಗೆಯ ಬಣ್ಣವೂ ಒಂದು ಕಲೆ. ಸುಮ್ಮನೆ ಉಜ್ಜಿ ಕನ್ನಡಿಯಂತೆ ಮಾಡಬಹುದು. ಚೆಂದ ಕಾಣುತ್ತದೆ, ಆದರೆ ಬಿಸಿಲಿಗೆ ಫಳಫಳ ಎಂದು ಮಿಗವನ್ನು ಎಚ್ಚರಿಸುತ್ತದೆ, ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಸುಮಾರು 300 ಡಿಗ್ರಿಗೆ ಕಾಯಿಸಿದರೆ ಉಕ್ಕಿನ ಮೇಲೆ ತೆಳು ಪೊರೆ ಬಂದು ನೀಲಿಯಾಗುತ್ತದೆ. ಇಲ್ಲವೇ ಬೇಕೆಂದೇ ತುಕ್ಕು ಹಿಡಿಸಿ, ಒರೆಸಿ, ಮತ್ತೆ ಹಿಡಿಸಿ, ಮತ್ತೆ ಒರೆಸಿ, ದಿನಗಟ್ಟಲೆ ಹೀಗೆ ಮಾಡಿದರೆ ಕಂದು ಬಣ್ಣ ಕೂರುತ್ತದೆ. ತುಕ್ಕನ್ನೇ ತುಕ್ಕಿಗೆ ಕಾವಲು ಇಡುವ ಉಪಾಯ!

ಹೆಸರು ಬರೆದವರು

ಇಷ್ಟೆಲ್ಲಕ್ಕಿಂತ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಈ ಕೋವಿಗಳಲ್ಲಿ ಹಲವುಗಳ ಮೇಲೆ ಮಾಡಿದವನ ಹೆಸರಿದೆ. ಸಯ್ಯದ್ ಮಾಸೂಮ್. ಅಸದ್ ಖಾನ್ ಮಹಮ್ಮದ್. ಊರಿನ ಹೆಸರು ‘ಪಟನ್’, ಅಂದರೆ ನಮ್ಮ ಪಟ್ಟಣ. ಮಾಸೂಮ್ ಮಾಡಿದ ಒಂದು ಜೊತೆ ಪಿಸ್ತೂಲಿನಲ್ಲಿ ಒಂದರ ಯಂತ್ರ ಬಲಕ್ಕೆ, ಇನ್ನೊಂದರದು ಎಡಕ್ಕೆ. ಕೇಳಲು ಸಣ್ಣ ವಿಷಯ. ಆದರೆ ಎಡಗಡೆಯ ಯಂತ್ರಕ್ಕೆ ಪ್ರತಿಯೊಂದು ಬಿಡಿಭಾಗವನ್ನೂ ತಿರುವುಮುರುವಾಗಿ ಹೊಸದಾಗಿ ರೂಪಿಸಬೇಕು. ಅಸದ್ ಖಾನ್‌ನ ಒಂದು ಶಿಕಾರಿ ಕೋವಿಯಲ್ಲಿ ಒಂದೇ ನಳಿಗೆಯೊಳಗೆ ಒಂದರ ಹಿಂದೆ ಒಂದು ಎರಡು ಈಡು ತುಂಬುವ ಏರ್ಪಾಡು ಇದೆ. ಮುಂದಿನದು ಮೊದಲು ಹಾರಬೇಕು, ಹಿಂದಿನದಕ್ಕೆ ಅದರ ಬೆಂಕಿ ತಾಗಕೂಡದು. ತಾಗಿದರೆ ಹಿಡಿದವನ ಮುಖವೇ ಹೋಯಿತು! ಈ ಉಪಾಯ ಯೂರೋಪಿನಲ್ಲೂ ಇತ್ತು, ನಿಜ. ಆದರೆ ಇಂಥದ್ದನ್ನು ನೋಡಿ ನಕಲು ಮಾಡಿದರೆ ಸಾಲದು. ಒಳಗಿನ ತರ್ಕ ಅರ್ಥವಾಗಿರಬೇಕು.

‘ನಕಲು’ ಎಂಬ ಮಾತು ನಮ್ಮಂಥವರಿಗೆ ಚೆನ್ನಾಗಿ ಪರಿಚಯ. ನಮ್ಮ ತಲೆಮಾರಿನ ಎಂಜಿನಿಯರುಗಳು ಈ ದೇಶಕ್ಕೆ ಬಂದ ಹೊಸದರಲ್ಲಿ ಕೇಳಿಸಿಕೊಂಡದ್ದೂ ಅದನ್ನೇ: ವಿನ್ಯಾಸ ಇಲ್ಲಿನದು, ನೀವು ಬರೀ ಕೋಡ್ ಬರೆಯುವವರು. ಆದ್ದರಿಂದ ಒಂದು ಲೆಕ್ಕ ಹಾಕಿ ನೋಡೋಣ. ಫ್ರೆಂಚರ ಚಕಮಕಿ ಯಂತ್ರವನ್ನು ಇಂಗ್ಲಿಷರೂ ತೆಗೆದುಕೊಂಡರು. ತಮ್ಮ ಹಳೆಯ ಯಂತ್ರವನ್ನು ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಬಹುಮಟ್ಟಿಗೆ ಕೈಬಿಟ್ಟರು. ಅದನ್ನು ಯಾರೂ ನಕಲು ಎನ್ನುವುದಿಲ್ಲ, ‘ಇಂಗ್ಲಿಷ್ ಕೋವಿ’ ಎನ್ನುತ್ತಾರೆ. ಮೈಸೂರಿನ ಕಬ್ಬಿಣದ ರಾಕೆಟ್ಟು ವೂಲಿಚ್‌ಗೆ ಬಂತು. ವಿಲಿಯಂ ಕಾಂಗ್ರೀವ್ ಅದನ್ನು ನೋಡಿ ತಿದ್ದಿ ಬೆಳೆಸಿದ. 1806ರಲ್ಲಿ ಫ್ರಾನ್ಸಿನ ಬುಲೋನ್ ಬಂದರಿನ ಮೇಲೆ ಹಾರಿಸಿದರು. ಅದಕ್ಕೆ ಹೆಸರು ‘ಕಾಂಗ್ರೀವ್ ರಾಕೆಟ್’. ಪಟ್ಟಣದ ಮಾಸೂಮ್ ಫ್ರೆಂಚ್ ಯಂತ್ರವನ್ನು ತೆಗೆದುಕೊಂಡು ಹುಲಿಯಾಗಿ ಮಾಡಿದರೆ ಮಾತ್ರ ಅದು ‘ಫ್ರೆಂಚ್ ಮಾದರಿ’. ಪಡೆದದ್ದು ಎಲ್ಲರೂ, ಹೆಸರು ಉಳಿದದ್ದು ಗೆದ್ದವರದ್ದು.

ಪಂಜಾಬಿನ ಕಥೆಯೂ ಹೀಗೆಯೇ ಇದೆ. ರಣಜಿತ್ ಸಿಂಗ್ 1822ರಿಂದ ಅಲಾರ್, ಆಮೇಲೆ ಕೂರ್ ಎಂಬ ಫ್ರೆಂಚ್ ಅಧಿಕಾರಿಗಳನ್ನು ಇಟ್ಟುಕೊಂಡ. ಲಾಹೋರಿನಲ್ಲಿ ಫಿರಂಗಿ ಎರಕ ಹೊಯ್ಸಿದ. 1849ರಲ್ಲಿ ಕಂಪನಿ ಪಂಜಾಬನ್ನು ನುಂಗಿತು. ಅವನ ಚಿನ್ನದ ಆಸನ ಈಗ ಲಂಡನ್ನಿನ ವಿಕ್ಟೋರಿಯಾ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಟಿಪ್ಪುವಿನ ಆಟಿಕೆ ಹುಲಿ ಇರುವುದೂ ಅದೇ ಕಟ್ಟಡದಲ್ಲಿ. ಸೌತ್‌ಹಾಲ್‌ನ ಸರ್ದಾರ್ಜಿಗಳೂ ನಾವೂ ಒಂದೇ ಮ್ಯೂಸಿಯಮ್ಮಿಗೆ ಹೋಗಿ ಬೇರೆ ಬೇರೆ ಗಾಜಿನ ಮುಂದೆ ನಿಟ್ಟುಸಿರು ಬಿಡುತ್ತೇವೆ!

1799, ಮೇ 4

ಸಿದ್ಧಾರ್ಥಿ ಸಂವತ್ಸರದ ಚೈತ್ರದ ಕೊನೆಯಲ್ಲಿ, 1799ರ ಮೇ 4ರಂದು, ಪಟ್ಟಣ ಬಿತ್ತು. ಕಂಪನಿಯವರು ಕೋಟೆಯೊಳಗೆ ಸಿಕ್ಕಿದ್ದನ್ನೆಲ್ಲ ಎಣಿಸಿ ಪಟ್ಟಿ ಮಾಡಿದರು: 929 ಫಿರಂಗಿಗಳು, ಸುಮಾರು 99,000 ಬಂದೂಕಗಳು. ಲೂಟಿ ಹಂಚಲು ಒಂದು ಸಮಿತಿಯೇ ಇತ್ತು. ಸಿಪಾಯಿಗಳ ಬಂದೂಕಗಳು ಏನಾದವೋ ಆದವು. ಅರಮನೆಯ ಹುಲಿಪಟ್ಟೆಯ ಕೋವಿಗಳು ಮಾತ್ರ ದೊಡ್ಡ ಅಧಿಕಾರಿಗಳ ಪೆಟ್ಟಿಗೆ ಸೇರಿ ಇಂಗ್ಲೆಂಡಿಗೆ ಬಂದವು. ಕೆಲವು ದೊರೆಯ ಸಂಗ್ರಹಕ್ಕೆ, ಕೆಲವು ಹಳ್ಳಿಯ ಬಂಗಲೆಗಳ ಗೋಡೆಗೆ, ಕೆಲವು ಅಟ್ಟಕ್ಕೆ. ಪಟ್ಟಣದ ಅರಮನೆ ಕಾರ್ಖಾನೆ ಅಲ್ಲಿಗೆ ಮುಗಿಯಿತು. ಮೌಲೂದಿ ಶಕೆ ಹುಟ್ಟಿ ಹನ್ನೆರಡೇ ವರ್ಷಕ್ಕೆ ಸತ್ತಿತು.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಕೋವಿ ಚೆಂದವಾಗಿದ್ದ ಮಾತ್ರಕ್ಕೆ ಅದನ್ನು ಹಿಡಿದವರ ಕೆಲಸವೆಲ್ಲ ಚೆಂದವಾಗುವುದಿಲ್ಲ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು, ಮರುವರ್ಷ ಕೊಡವರನ್ನು ಸೆರೆಹಿಡಿದು ಪಟ್ಟಣಕ್ಕೆ ಸಾಗಿಸಿದ್ದು ಇದೇ ಟಿಪ್ಪುವಿನ ಸೈನ್ಯ. ನಮ್ಮ ಬಳಗದಲ್ಲೇ ಕೊಡಗಿನವರಿದ್ದಾರೆ, ಮಂಗಳೂರಿನವರಿದ್ದಾರೆ. ಅವರ ಮನೆಗಳಲ್ಲಿ ಈ ಹೆಸರು ಬೇರೆಯೇ ದನಿಯಲ್ಲಿ ಬರುತ್ತದೆ. ಕರ್ನಾಟಕ ಸರ್ಕಾರ 2015ರಲ್ಲಿ ಟಿಪ್ಪು ಜಯಂತಿ ಶುರು ಮಾಡಿದ್ದು, 2019ರಲ್ಲಿ ನಿಲ್ಲಿಸಿದ್ದು, ಎರಡಕ್ಕೂ ಆದ ಗದ್ದಲ ಎಲ್ಲರಿಗೂ ಗೊತ್ತು. ಆ ಜಗಳವನ್ನು ಇಲ್ಲಿ ತೀರ್ಮಾನಿಸುವ ಹುಮ್ಮಸ್ಸು ನಮಗಿಲ್ಲ. ನಮಗೆ ಅನ್ನಿಸುವುದು ಇಷ್ಟೇ: ಹುಲಿಯೋ ಕಟುಕನೋ ಎಂದು ಒಬ್ಬನ ಬಗ್ಗೆ ಇನ್ನೂರು ವರ್ಷ ಕೂಗಾಡುವ ಭರದಲ್ಲಿ, ಕುಲುಮೆಯ ಮುಂದೆ ಬೆವರಿದವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಕೊಡಗಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ನಮ್ಮ ನಾಡಿನಲ್ಲಿ ಕೋವಿ ಮನೆಯ ವಸ್ತುವಾಗಿ ಉಳಿದಿರುವುದು ಅಲ್ಲೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರ ಅಕ್ಟೋಬರಿನಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಯನ್ನು ತೊಳೆದು ಒರೆಸಿ, ಪೂಜೆಗಿಟ್ಟು, ನಳಿಗೆಗೆ ‘ತೋಕ್ ಪೂ’ ಸಿಕ್ಕಿಸುತ್ತಾರೆ. ಪಟ್ಟಣದ ಕೋವಿಗೆ ಚಿನ್ನದ ಹುಲಿಪಟ್ಟೆ, ಕೊಡಗಿನ ಕೋವಿಗೆ ಕಾಡಿನ ಹೂವು. ಒಂದು ಗಾಜಿನೊಳಗೆ ಹೊಳೆಯುತ್ತದೆ. ಇನ್ನೊಂದನ್ನು ಪ್ರತಿ ವರ್ಷ ಮನೆಯವರ ಕೈ ಒರೆಸುತ್ತದೆ.

ಬೆಲೆ ಮತ್ತು ಹೆಸರು

ಇನ್ನು ಹರಾಜಿನ ಲೆಕ್ಕ. ಟಿಪ್ಪುವಿನ ಬಂದೂಕಗಳ ಬಗ್ಗೆ 1992ರಲ್ಲಿ ಇಡೀ ಪುಸ್ತಕ ಬರೆದ ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷ್ ಸಂಗ್ರಾಹಕರ ಸಂಗ್ರಹವನ್ನು 2005ರ ಮೇ ತಿಂಗಳಲ್ಲಿ ಸದಬೀಸ್ ಮಾರಿತು. 2015ರ ಏಪ್ರಿಲ್ 21ರಂದು ಬಾನಮ್ಸ್‌ನಲ್ಲಿ ಮೂವತ್ತು ವಸ್ತುಗಳು 60 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋದವು. ಅದರಲ್ಲಿ ಮೇಲೆ ಹೇಳಿದ ಎರಡು ಈಡಿನ ಶಿಕಾರಿ ಕೋವಿಗೆ ಬಂದದ್ದು 7,22,500 ಪೌಂಡ್! 2019ರ ಮಾರ್ಚ್‌ನಲ್ಲಿ ನಮ್ಮ ಇದೇ ರೈಲು ಹಳಿಯ ಪಶ್ಚಿಮಕ್ಕೆ, ಬರ್ಕ್‌ಷೈರ್‌ನಲ್ಲಿ, ಒಂದು ಮನೆಯ ಅಟ್ಟದಲ್ಲಿ ಸಿಕ್ಕ ಬೆಳ್ಳಿ ಕಟ್ಟಿನ ಚಕಮಕಿ ಕೋವಿ 60,000 ಪೌಂಡಿಗೆ ಹೋಯಿತು. ಕಂಪನಿಯ ಮೇಜರ್ ಥಾಮಸ್ ಹಾರ್ಟ್ 1799ರಲ್ಲಿ ತಂದದ್ದು ಅದು. ಭಾರತಕ್ಕೆ ಮರಳಿಸಿ ಎಂಬ ಕೂಗೂ ಆಗ ಎದ್ದಿತು.

ಈ ಹರಾಜುಗಳ ಸುದ್ದಿಯನ್ನು ಕನ್ನಡ ಪತ್ರಿಕೆಗಳಲ್ಲಿ ಓದಿದ್ದೀರಿ. ಹೆಚ್ಚಿನವುಗಳ ಶೀರ್ಷಿಕೆ ಒಂದೇ: ಟಿಪ್ಪುವಿನ ಬಂದೂಕ ಇಷ್ಟು ಕೋಟಿಗೆ. ಯಾರ ಬಂದೂಕ, ಎಷ್ಟು ಬೆಲೆ, ಯಾರು ಕೊಂಡರು, ಇಷ್ಟಕ್ಕೇ ಸುದ್ದಿ ಮುಗಿಯುತ್ತದೆ. ಮಾಡಿದವನ ಹೆಸರು ನಳಿಗೆಯ ಮೇಲೆ ಚಿನ್ನದಲ್ಲಿದ್ದರೂ ಸುದ್ದಿಯಲ್ಲಿ ಇರುವುದಿಲ್ಲ. ಹರಾಜಿನವರ ಕ್ಯಾಟಲಾಗೇ ಎಷ್ಟೋ ವಾಸಿ. ಅವರು ಹೆಸರು ಅಚ್ಚು ಹಾಕುತ್ತಾರೆ, ಬೆಲೆ ಏರಲಿ ಎಂದಾದರೂ!

ಈ ಕೋವಿಗಳು ಮರಳಿ ಶ್ರೀರಂಗಪಟ್ಟಣಕ್ಕೆ ಹೋಗಬೇಕೇ, ಇಲ್ಲೇ ಇರಬೇಕೇ? ಬಳಗದಲ್ಲಿ ಎರಡೂ ಪಕ್ಷದವರಿದ್ದಾರೆ, ಚರ್ಚೆ ನಡೆಯಲಿ. ಆದರೆ ಒಂದು ವಸ್ತು ಮರಳುವುದಕ್ಕೆ ಮೊದಲು ಅದನ್ನು ಗುರುತಿಸಿ ಬರಮಾಡಿಕೊಳ್ಳುವವರು ಊರಲ್ಲಿ ಇರಬೇಕು. ‘ಫ್ರೆಂಚರು ಮಾಡಿಕೊಟ್ಟದ್ದು’ ಎಂದು ನಾವೇ ಹೇಳುತ್ತಿದ್ದರೆ, ಕೇಳುವ ಹಕ್ಕಾದರೂ ಎಲ್ಲಿಂದ ಬಂತು? ಅಚ್ಚು ಫ್ರೆಂಚರದು, ಒಪ್ಪೋಣ. ಆ ಅಚ್ಚಿಗೆ ಹುಲಿಯ ಮೈ, ಪಂಚಾಂಗದ ತಾರೀಖು, ಪಟ್ಟಣದ ಹೆಸರು ಕೊಟ್ಟವರು ನಮ್ಮ ಕಮ್ಮಾರಸಾಲೆಯವರು. ಅಷ್ಟನ್ನು ನಮ್ಮ ಮಕ್ಕಳಿಗೆ ಹೇಳಲು ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ.

ಮುಂದಿನ ಸಲ ವಿಂಡ್ಸರಿಗೋ ಸೌತ್ ಕೆನ್ಸಿಂಗ್ಟನ್ನಿಗೋ ಊರಿನ ನೆಂಟರನ್ನು ಕರೆದುಕೊಂಡು ಹೋದಾಗ, ಹುಲಿಮುಖದ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ, ಪಕ್ಕದ ಚೀಟಿಯನ್ನೂ ಪೂರ್ತಿ ಓದಿ. ಮಾಡಿದವರು ಯಾರು ಎಂದು ಬರೆದಿದ್ದರೆ ಆ ಹೆಸರನ್ನು ಗಟ್ಟಿಯಾಗಿ ಓದಿ ಹೇಳಿ. ಬರೆದಿರದಿದ್ದರೆ ಮ್ಯೂಸಿಯಮ್ಮಿನವರಿಗೆ ಎರಡು ಸಾಲಿನ ಪತ್ರ ಹಾಕಿ ಕೇಳಿ. ಅವರಿಂದ ಬಂದ ಉತ್ತರವನ್ನು ಬಳಗಕ್ಕೂ ಕಳಿಸಿ. ಒಂದೊಂದಾಗಿ ಹೆಸರು ಕೂಡಿಸುತ್ತಾ ಹೋಗೋಣ. ಏನಂತೀರಿ?